ಐದು ಡಿವೈಸ್, ಒಂದು ರಿಸೀವರ್, ಒಂದು ಟಿವಿ: ಯಾವ ಕೇಬಲ್ ಎಲ್ಲಿಗೆ?

ಕೇಳಿದ್ದು

ಎಲ್ಲರಿಗೂ ನಮಸ್ಕಾರ. ಮನೆಗೆ ಒಂದು ಹೋಂ ಥಿಯೇಟರ್ ರಿಸೀವರ್ (ಎಲ್ಲ ಡಿವೈಸ್‌ಗಳ ಸೌಂಡ್ ತೆಗೆದುಕೊಂಡು ಸ್ಪೀಕರ್‌ಗಳಿಗೆ ಕೊಡುವ ಪೆಟ್ಟಿಗೆ) ಬಂದಿದೆ. ಹೊಸದಲ್ಲ, ಕೆಲವು ವರ್ಷ ಬಳಸಿದ್ದು. ಹಿಂಬದಿಯಲ್ಲಿ ಆರು ಎಚ್‌ಡಿಎಂಐ (ಚಿತ್ರ, ಧ್ವನಿ ಎರಡೂ ಒಂದೇ ಕೇಬಲ್‌ನಲ್ಲಿ ಬರುವ) ಇನ್‌ಪುಟ್ ಇವೆ. ಜೋಡಿಸಬೇಕಾಗಿರುವುದು ಸೆಟ್‌ಟಾಪ್ ಬಾಕ್ಸ್, 4ಕೆ ಬ್ಲೂ-ರೇ ಪ್ಲೇಯರ್, ಹೊಸ ಗೇಮ್ ಕನ್ಸೋಲ್, ಸ್ಟ್ರೀಮಿಂಗ್ ಸ್ಟಿಕ್, ಜೊತೆಗೆ ಮನೆಯ ಹಳೇ ಟೇಪ್‌ಗಳನ್ನು ನೋಡಲು ಒಂದು ವಿಸಿಆರ್. ಟಿವಿ ಹೊಸದು, 4ಕೆ. ಎಲ್ಲವನ್ನೂ ರಿಸೀವರ್‌ಗೆ ಹಾಕಿ ಅಲ್ಲಿಂದ ಟಿವಿಗೆ ಒಂದೇ ಕೇಬಲ್ ಎಳೆಯಬೇಕಾ? ಅಥವಾ ಎಲ್ಲ ಟಿವಿಗೆ ಹಾಕಿ ಸೌಂಡ್ ಮಾತ್ರ ರಿಸೀವರ್‌ಗೆ ತರಬೇಕಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಮೊದಲ ಉತ್ತರ

ಒಂದೇ ಕೇಬಲ್ ಅಂದರೆ ಕೇಳೋಕೆ ಚೆನ್ನಾಗಿರುತ್ತದೆ. ಆದರೆ ರಿಸೀವರ್ ಯಾವ ಕಾಲದ್ದು ಅಂತ ನೋಡದೆ ಆ ಸಲಹೆ ಕೊಡಬಾರದು. ಚಿತ್ರ ರಿಸೀವರ್ ಒಳಗಿಂದ ಹಾದು ಹೋಗುತ್ತದೆ. ಅದಕ್ಕೆ ಹೊರಲು ಆಗದಷ್ಟು ಸಿಗ್ನಲ್ ಬಂದರೆ ಗುಣಮಟ್ಟ ಇಳಿಯುತ್ತದೆ, ಇಲ್ಲವೇ ಪರದೆ ಕಪ್ಪಾಗುತ್ತದೆ. ಟಿವಿ ಎಷ್ಟೇ ಹೊಸದಾಗಿದ್ದರೂ ಆಗ ಉಪಯೋಗವಿಲ್ಲ.

ಹಾಗಾಗಿ ಕೇಬಲ್ ಮುಟ್ಟುವ ಮೊದಲು ಮಾಡೆಲ್ ನಂಬರ್ ಹಾಕಿ ಕೈಪಿಡಿ ತೆಗೆಯಿರಿ. ಎಚ್‌ಡಿಎಂಐ ಯಾವ ಆವೃತ್ತಿ ಅಂತ ನೋಡಿ. 2009ರ 1.4 ಆದರೆ 4ಕೆ ಚಿತ್ರ ಸೆಕೆಂಡಿಗೆ 30 ಫ್ರೇಮ್‌ವರೆಗೆ ಮಾತ್ರ. 2013ರ 2.0 ಆದರೆ 4ಕೆ 60 ಫ್ರೇಮ್ ಹೋಗುತ್ತದೆ. ಎಚ್‌ಡಿಆರ್ (ಬೆಳಕು-ನೆರಳು, ಬಣ್ಣ ಇನ್ನೂ ಚೆನ್ನಾಗಿ ತೋರಿಸುವ ಚಿತ್ರ) ಬೇಕೆಂದರೆ 2015ರ 2.0ಎ ಅಥವಾ ಅದಕ್ಕಿಂತ ಹೊಸದಿರಬೇಕು. 2017ರಲ್ಲಿ ಬಂದ 2.1ರಲ್ಲಿ 4ಕೆ 120 ಫ್ರೇಮ್ ಇದೆ. ಇನ್ನೊಂದು ಮಾತು ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ: ಎಚ್‌ಡಿಸಿಪಿ 2.2 ಇದೆಯಾ ನೋಡಿ. ಅದು ಕಾಪಿ ತಡೆಯುವ ಬೀಗ. 4ಕೆ ಡಿಸ್ಕ್, 4ಕೆ ಸ್ಟ್ರೀಮಿಂಗ್ ಎರಡಕ್ಕೂ ದಾರಿಯಲ್ಲಿ ಸಿಗುವ ಪ್ರತಿ ಡಿವೈಸ್‌ನಲ್ಲೂ ಆ ಬೀಗ ಇರಬೇಕು. ಕೆಲವು ಹಳೇ ರಿಸೀವರ್‌ಗಳಲ್ಲಿ ಒಂದೆರಡು ಇನ್‌ಪುಟ್‌ಗೆ ಮಾತ್ರ ಇದೆ, ಉಳಿದವಕ್ಕೆ ಇಲ್ಲ. ಆರು ಪೋರ್ಟ್ ಇದ್ದ ಮಾತ್ರಕ್ಕೆ ಆರೂ ಒಂದೇ ಅಂದುಕೊಳ್ಳಬೇಡಿ.

ನಿಮ್ಮ ಪಟ್ಟಿಯಲ್ಲಿ ಸೆಟ್‌ಟಾಪ್ ಬಾಕ್ಸ್ ಸುಲಭ. ರಿಸೀವರ್‌ಗೇ ಹಾಕಿ. ಬಾಕ್ಸ್‌ನ ಸೆಟ್ಟಿಂಗ್‌ನಲ್ಲಿ ಆಡಿಯೋ ಸ್ಟೀರಿಯೋ ಪಿಸಿಎಂ (ಪಿಸಿಎಂ ಅಂದರೆ ಡಿವೈಸ್ ತಾನೇ ಬಿಚ್ಚಿ ಕಳಿಸುವ ಧ್ವನಿ) ಅಂತ ಇದ್ದರೆ ಡಾಲ್ಬಿ ಡಿಜಿಟಲ್‌ಗೆ ಬದಲಾಯಿಸಿ. ಇಲ್ಲದಿದ್ದರೆ ಚಾನೆಲ್ 5.1 (ಐದು ಸ್ಪೀಕರ್, ಒಂದು ಸಬ್‌ವೂಫರ್‌ನ ಧ್ವನಿ) ಕಳಿಸಿದರೂ ನಿಮಗೆ ಕೇಳುವುದು ಎರಡು ಸ್ಪೀಕರ್ ಮಾತ್ರ.

ಬ್ಲೂ-ರೇ ಪ್ಲೇಯರ್ ವಿಷಯದಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ರಿಸೀವರ್ ತಂದ ಸಾರ್ಥಕತೆ ಇರುವುದೇ ಅಲ್ಲಿ. ಡಿಸ್ಕ್‌ನಲ್ಲಿರುವ ಡಾಲ್ಬಿ ಟ್ರೂ-ಎಚ್‌ಡಿ, ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೋ ಇವೆಲ್ಲ ಏನೂ ಕಳೆದುಕೊಳ್ಳದ ಧ್ವನಿ. ಇವು ಆಪ್ಟಿಕಲ್ ಕೇಬಲ್‌ನಲ್ಲಿ ಬರುವುದಿಲ್ಲ, ಟಿವಿಯ ಹಳೇ ಎಆರ್‌ಸಿಯಲ್ಲೂ (ಟಿವಿಯಿಂದ ಸೌಂಡ್ ಅದೇ ಎಚ್‌ಡಿಎಂಐ ಕೇಬಲ್‌ನಲ್ಲಿ ರಿಸೀವರ್‌ಗೆ ವಾಪಸ್ ಬರುವ ದಾರಿ) ಬರುವುದಿಲ್ಲ. ನೇರವಾಗಿ ಎಚ್‌ಡಿಎಂಐನಲ್ಲಿ ರಿಸೀವರ್‌ಗೇ ಹೋಗಬೇಕು. ರಿಸೀವರ್ 4ಕೆ ದಾಟಿಸದಿದ್ದರೆ ಪ್ಲೇಯರ್‌ನ ಹಿಂಬದಿ ನೋಡಿ. ಎಷ್ಟೋ 4ಕೆ ಪ್ಲೇಯರ್‌ಗಳಲ್ಲಿ ಎರಡು ಎಚ್‌ಡಿಎಂಐ ಔಟ್ ಇರುತ್ತವೆ. ಒಂದರಲ್ಲಿ ಚಿತ್ರ ಟಿವಿಗೆ, ಇನ್ನೊಂದರಲ್ಲಿ ಆಡಿಯೋ ಮಾತ್ರ ರಿಸೀವರ್‌ಗೆ. ಹಳೇ ರಿಸೀವರ್ ಇರುವವರಿಗೆ ಇದಕ್ಕಿಂತ ಒಳ್ಳೇ ದಾರಿ ಇಲ್ಲ.

ಜೋಡಿಸಿದ ಮೇಲೆ ಡಿಸ್ಕ್ ಹಾಕಿ ರಿಸೀವರ್‌ನ ಮುಂದಿನ ಡಿಸ್‌ಪ್ಲೇ ನೋಡಿ. ಡಿಸ್ಕ್‌ನ ಕವರ್ ಮೇಲೆ ಟ್ರೂ-ಎಚ್‌ಡಿ ಅಂತಿದ್ದು ಡಿಸ್‌ಪ್ಲೇಯಲ್ಲಿ ಬರೀ ಡಾಲ್ಬಿ ಡಿಜಿಟಲ್ ಅಂತ ಬಂದರೆ ಕೇಬಲ್ ಮೇಲೆ ಅನುಮಾನ ಪಡಬೇಡಿ. ಪ್ಲೇಯರ್‌ನ ಆಡಿಯೋ ಮೆನುವಿಗೆ ಹೋಗಿ. ಔಟ್‌ಪುಟ್ ಬಿಟ್‌ಸ್ಟ್ರೀಮ್ ಇರಲಿ, ಅಂದರೆ ಧ್ವನಿಯನ್ನು ಬಿಚ್ಚದೆ ರಿಸೀವರ್‌ಗೆ ಕಳಿಸಲಿ. ಸೆಕೆಂಡರಿ ಆಡಿಯೋ ಅಥವಾ ಬಿಡಿ ಆಡಿಯೋ ಮಿಕ್ಸ್ ಅಂತ ಒಂದು ಸಾಲು ಇರುತ್ತದೆ, ಅದನ್ನು ಆಫ್ ಮಾಡಿ. ಮೆನು ಒತ್ತಿದಾಗಿನ ಟಿಕ್ ಸದ್ದು, ನಿರ್ದೇಶಕರ ಮಾತಿನ ಟ್ರ್ಯಾಕ್ ಇವನ್ನು ಬೆರೆಸಲು ಪ್ಲೇಯರ್ ಮುಖ್ಯ ಧ್ವನಿಯನ್ನೇ ಬಿಚ್ಚಿ ಮತ್ತೆ ಕಟ್ಟುತ್ತದೆ. ಅದನ್ನು ಆಫ್ ಮಾಡಿದರೆ ರಿಸೀವರ್ ಮೇಲಿನ ಅಕ್ಷರ ಟ್ರೂ-ಎಚ್‌ಡಿ ಅಂತ ಬದಲಾಗುತ್ತದೆ. ನಾನು ಯಾರ ಮನೆಯಲ್ಲಿ ಹೊಸ ಸಿಸ್ಟಂ ನೋಡಿದರೂ ಮೊದಲು ಕೈ ಹಾಕುವುದು ಈ ಸಾಲಿಗೇ.

ಸ್ಟ್ರೀಮಿಂಗ್ ಸ್ಟಿಕ್ ಎಲ್ಲಿ ಬೇಕಾದರೂ ಹಾಕಿ. ಅದರ ಅಟ್ಮಾಸ್ (ತಲೆಯ ಮೇಲಿಂದಲೂ ಧ್ವನಿ ಕೇಳಿಸುವ ಡಾಲ್ಬಿ ವಿಧಾನ) ಡಾಲ್ಬಿ ಡಿಜಿಟಲ್ ಪ್ಲಸ್ ಒಳಗೆ ಬರುವುದರಿಂದ ಸಾಮಾನ್ಯ ಎಆರ್‌ಸಿಯಲ್ಲೂ ಹೋಗುತ್ತದೆ.

ಎರಡನೇ ಉತ್ತರ

ಮೇಲಿನವರು ಕನ್ಸೋಲ್ ಬಿಟ್ಟಿದ್ದಾರೆ, ಅದನ್ನು ನಾನು ಸೇರಿಸುತ್ತೇನೆ. ಕನ್ಸೋಲ್ ಟಿವಿಗೇ ನೇರ. ಇದರಲ್ಲಿ ನನಗೆ ಎರಡನೇ ಮಾತಿಲ್ಲ. 120 ಫ್ರೇಮ್, ವಿಆರ್‌ಆರ್ (ಆಟದ ಫ್ರೇಮ್ ವೇಗಕ್ಕೆ ಪರದೆ ಹೊಂದಿಕೊಳ್ಳುವುದು) ಇವೆಲ್ಲ ಎಚ್‌ಡಿಎಂಐ 2.1ರ ವಿಷಯ. ನಿಮ್ಮ ರಿಸೀವರ್ ಅಷ್ಟು ಹೊಸದಿರುವ ಸಾಧ್ಯತೆ ಕಡಿಮೆ. ಟಿವಿಯ ಎಲ್ಲ ಪೋರ್ಟ್‌ಗಳೂ 2.1 ಇರಲ್ಲ, ಪೋರ್ಟ್ ಪಕ್ಕದ ಬರಹ ಓದಿ ಹಾಕಿ. ಕೆಲವು ಟಿವಿಗಳಲ್ಲಿ 2.1 ಪೋರ್ಟ್ ಎರಡೇ ಇದ್ದು, ಅದರಲ್ಲೊಂದು ಇಎಆರ್‌ಸಿ (ಎಆರ್‌ಸಿಯ ಹೊಸ, ಹೆಚ್ಚು ಧ್ವನಿ ಹೊರುವ ರೂಪ) ಪೋರ್ಟ್ ಕೂಡ ಆಗಿರುತ್ತದೆ. ಆಗ ಒಂದು ಪೋರ್ಟ್ ರಿಸೀವರ್‌ಗೆ ಹೋದರೆ ಕನ್ಸೋಲ್‌ಗೆ ಉಳಿಯುವುದು ಇನ್ನೊಂದೇ.

ಸೌಂಡ್ ಮತ್ತೆ ರಿಸೀವರ್‌ಗೆ ಬರುವುದು ಎಆರ್‌ಸಿ ದಾರಿಯಲ್ಲಿ. ರಿಸೀವರ್‌ನ ಎಚ್‌ಡಿಎಂಐ ಔಟ್‌ನಲ್ಲಿ ಎಆರ್‌ಸಿ ಅಂತ ಬರೆದಿರುವುದನ್ನೇ ಟಿವಿಯಲ್ಲಿ ಎಆರ್‌ಸಿ ಅಂತ ಬರೆದಿರುವ ಪೋರ್ಟ್‌ಗೆ ಹಾಕಬೇಕು. ಎರಡೂ ಕಡೆ ಸಿಇಸಿ (ಎಚ್‌ಡಿಎಂಐ ಮೂಲಕ ಒಂದು ಡಿವೈಸ್ ಇನ್ನೊಂದನ್ನು ನಿಯಂತ್ರಿಸುವ ವ್ಯವಸ್ಥೆ) ಆನ್ ಇರಲಿ. ಟಿವಿ ಮೆನುವಿನಲ್ಲಿ ಆ ಹೆಸರು ಸಿಗದಿರಬಹುದು. ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್ ಅಂತ ಕರೆಯುತ್ತಾರೆ.

ಈಗ ಮುಖ್ಯವಾದದ್ದು. ಕನ್ಸೋಲ್ ಸಾಮಾನ್ಯವಾಗಿ ಪಿಸಿಎಂನಲ್ಲಿ ಧ್ವನಿ ಕಳಿಸುತ್ತದೆ. ಹಳೇ ಎಆರ್‌ಸಿಯಲ್ಲಿ ಪಿಸಿಎಂ ಅಂದರೆ ಎರಡೇ ಚಾನೆಲ್. ಆಟದಲ್ಲಿ ಹಿಂದಿನಿಂದ ಹೆಜ್ಜೆ ಸಪ್ಪಳ ಬರಬೇಕಾದ ಕಡೆ ಹಿಂದಿನ ಸ್ಪೀಕರ್ ಸುಮ್ನೆ ಇರುತ್ತದೆ. ಕನ್ಸೋಲ್‌ನ ಆಡಿಯೋ ಫಾರ್ಮ್ಯಾಟ್ ಬಿಟ್‌ಸ್ಟ್ರೀಮ್ ಡಾಲ್ಬಿಗೆ ಇಡಿ, ಟಿವಿಯ ಡಿಜಿಟಲ್ ಔಟ್‌ಪುಟ್ ಪಾಸ್‌ಥ್ರೂ ಅಥವಾ ಆಟೋಗೆ ಇಡಿ, 5.1 ಬರುತ್ತದೆ. ಟಿವಿ ಮತ್ತು ರಿಸೀವರ್ ಎರಡರಲ್ಲೂ ಇಎಆರ್‌ಸಿ ಇದ್ದರೆ ಈ ತಲೆನೋವಿಲ್ಲ, ಎಂಟು ಚಾನೆಲ್ ಪಿಸಿಎಂ ಹಾಗೇ ಬರುತ್ತದೆ.

ಮೂರನೇ ಉತ್ತರ

ವಿಸಿಆರ್ ಬಗ್ಗೆ ಯಾರೂ ಹೇಳಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಬೇರೆ ಸಿನಿಮಾ ಆದರೆ ಮತ್ತೆ ಎಲ್ಲಾದರೂ ಸಿಗುತ್ತದೆ, ಮನೆಯ ಟೇಪ್ ಸಿಗಲ್ಲ. ಅದು ನೋಡಲು ಆಗುವಂತಿರಬೇಕು.

ವಿಸಿಆರ್‌ನಿಂದ ಹಳದಿ, ಬಿಳಿ, ಕೆಂಪು ಮೂರು ವೈರ್ ಬರುತ್ತವೆ. ಹಳದಿ ಚಿತ್ರ, ಉಳಿದೆರಡು ಧ್ವನಿ. ಮೂರನ್ನೂ ರಿಸೀವರ್‌ಗೆ ಚುಚ್ಚಿದರೆ ಧ್ವನಿ ಗ್ಯಾರಂಟಿ ಬರುತ್ತದೆ. ಚಿತ್ರ ಬರುವುದು ರಿಸೀವರ್‌ಗೆ ಅನಲಾಗ್‌ನಿಂದ ಎಚ್‌ಡಿಎಂಐಗೆ ಬದಲಾಯಿಸುವ ಶಕ್ತಿ ಇದ್ದರೆ ಮಾತ್ರ. ಕೈಪಿಡಿಯಲ್ಲಿ ವಿಡಿಯೋ ಕನ್ವರ್ಷನ್ ಅಥವಾ ಅಪ್‌ಕನ್ವರ್ಷನ್ ಅಂತ ಹುಡುಕಿ. ಅದು ಇಲ್ಲದ ರಿಸೀವರ್‌ನಲ್ಲಿ ಹಳದಿಯಿಂದ ಒಳಗೆ ಬಂದದ್ದು ಹಳದಿಯಿಂದಲೇ ಹೊರಗೆ ಹೋಗುತ್ತದೆ. ರಿಸೀವರ್‌ನ ಮಾನಿಟರ್ ಔಟ್‌ನಿಂದ ಟಿವಿಗೆ ಇನ್ನೊಂದು ವೈರ್ ಎಳೆದು, ಟೇಪ್ ನೋಡುವಾಗ ಟಿವಿಯ ಇನ್‌ಪುಟ್ ಬದಲಾಯಿಸಬೇಕು.

ಅಪ್‌ಕನ್ವರ್ಷನ್ ಇದ್ದರೂ ಒಂದು ತೊಂದರೆ ಇದೆ. ಹಳೇ ಟೇಪ್‌ನ ಸಿಗ್ನಲ್ ಅಲುಗಾಡುತ್ತದೆ. ಕೆಲವು ರಿಸೀವರ್ ಅದನ್ನು ಹಿಡಿಯಲಾರದೆ ಮಧ್ಯೆ ಮಧ್ಯೆ ಚಿತ್ರ ಬಿಟ್ಟುಬಿಡುತ್ತವೆ. ನಮ್ಮ ಮನೆಯಲ್ಲಿ ಹೀಗೇ ಆಗುತ್ತಿತ್ತು. ಹಳದಿ ವೈರನ್ನು ಟಿವಿಗೆ ನೇರ ಹಾಕಿ, ಬಿಳಿ ಕೆಂಪು ಎರಡನ್ನು ರಿಸೀವರ್‌ನಲ್ಲೇ ಬಿಟ್ಟೆ. ಅದೇ ಟೇಪ್ ನಿಲ್ಲದೆ ಓಡಿತು. ಹೊಸ ಟಿವಿಗಳಲ್ಲಿ ಹಳದಿ ತೂತು ಕಾಣದಿದ್ದರೆ ಸಣ್ಣ ಜ್ಯಾಕ್ ಇದೆಯಾ ನೋಡಿ, ಅದಕ್ಕೆ ಬೇರೆ ಅಡಾಪ್ಟರ್ ಬೇಕಾಗುತ್ತದೆ.

ಇನ್‌ಪುಟ್ ಅಸೈನ್ ಅನ್ನುವ ಮೆನು ಮರೆಯಬೇಡಿ. ರಿಮೋಟ್‌ನಲ್ಲಿ ಡಿವಿಡಿ ಅನ್ನೋ ಬಟನ್ ಯಾವ ತೂತಿಗೆ ಸೇರಿದ್ದು ಅಂತ ತೀರ್ಮಾನ ಆಗುವುದು ಅಲ್ಲಿ. ವೈರ್ ಎಲ್ಲ ಸರಿಯಿದ್ದೂ ಧ್ವನಿ ಬರದಿದ್ದರೆ ಮೊದಲು ನೋಡಬೇಕಾದದ್ದು ಅದು.

ನಾಲ್ಕನೇ ಉತ್ತರ

ಕೇಬಲ್ ಬಗ್ಗೆ ಎರಡೇ ಮಾತು. ಕನ್ಸೋಲ್‌ಗೆ ಅಲ್ಟ್ರಾ ಹೈ ಸ್ಪೀಡ್ ಅಂತ ಪ್ರಮಾಣೀಕರಿಸಿದ ಕೇಬಲ್ ಬಳಸಿ, ಅದು 48 ಗಿಗಾಬಿಟ್ ಹೊರುತ್ತದೆ. ಉಳಿದವಕ್ಕೆ 18 ಗಿಗಾಬಿಟ್‌ನ ಪ್ರೀಮಿಯಂ ಹೈ ಸ್ಪೀಡ್ ಸಾಕು. ಗೋಡೆಯೊಳಗೆ ಉದ್ದ ಎಳೆಯುವುದಾದರೆ ಆಪ್ಟಿಕಲ್ ಎಚ್‌ಡಿಎಂಐ ಒಳ್ಳೆಯದು. ಆದರೆ ಅದಕ್ಕೆ ದಿಕ್ಕಿದೆ. ಒಂದು ತುದಿ ಸೋರ್ಸ್, ಇನ್ನೊಂದು ಡಿಸ್‌ಪ್ಲೇ. ಗೋಡೆ ಮುಚ್ಚುವ ಮೊದಲು ಎರಡೂ ತುದಿ ಓದಿ, ಚಿತ್ರ ಬರುತ್ತಾ ಅಂತ ನೋಡಿ.

ಎಲ್ಲ ಸರಿ ಇದ್ದೂ 4ಕೆ ಎಚ್‌ಡಿಆರ್ ಬರುತ್ತಿಲ್ಲ ಅಂದರೆ ಟಿವಿಯಲ್ಲಿ ಪ್ರತಿ ಪೋರ್ಟ್‌ಗೂ ಎನ್‌ಹಾನ್ಸ್‌ಡ್ ಅನ್ನುವಂಥ ಸೆಟ್ಟಿಂಗ್ ಇರುತ್ತದೆ, ರಿಸೀವರ್‌ನಲ್ಲೂ ಇರುತ್ತದೆ. ಎರಡೂ ಕಡೆ ಆನ್ ಮಾಡಬೇಕು.

ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ಕೈಪಿಡಿ ನೋಡಿದೆ. ರಿಸೀವರ್ 2.0, ಎಚ್‌ಡಿಸಿಪಿ 2.2 ಮೂರು ಇನ್‌ಪುಟ್‌ಗೆ ಇದೆ, ಎಆರ್‌ಸಿ ಇದೆ, ಇಎಆರ್‌ಸಿ ಇಲ್ಲ. ಪ್ಲೇಯರ್‌ಗೆ ಎರಡು ಔಟ್ ಇವೆ. ಸೆಟ್‌ಟಾಪ್ ಬಾಕ್ಸ್, ಸ್ಟಿಕ್ ರಿಸೀವರ್‌ಗೆ. ಪ್ಲೇಯರ್ ಎರಡೂ ಕಡೆ. ಕನ್ಸೋಲ್ ಟಿವಿಗೆ, ಬಿಟ್‌ಸ್ಟ್ರೀಮ್ ಡಾಲ್ಬಿಯಲ್ಲಿ. ಹಳದಿ ವೈರ್ ಟಿವಿಗೆ. ಒಂದೇ ಅನುಮಾನ: ಟಿವಿಗೆ ನೇರ ಹಾಕಿದವುಗಳಲ್ಲಿ ತುಟಿಗೂ ಮಾತಿಗೂ ಹೊಂದದೆ ಹೋದರೆ?

ಮೊದಲು ಉತ್ತರಿಸಿದವರು

ಪ್ಲಾನ್ ಸರಿಯಾಗಿದೆ. ಟಿವಿ ಚಿತ್ರವನ್ನು ತಿದ್ದಲು ಸಮಯ ತೆಗೆದುಕೊಳ್ಳುವುದರಿಂದ ಮಾತು ಮುಂದೆ ಓಡುತ್ತದೆ. ಮೊದಲು ಟಿವಿಯಲ್ಲಿ ಮೋಷನ್ ಸ್ಮೂದಿಂಗ್ (ಚಲನೆ ನಯವಾಗಿ ಕಾಣಲು ಟಿವಿ ತಾನೇ ಫ್ರೇಮ್ ಸೇರಿಸುವುದು) ಆಫ್ ಮಾಡಿ, ಕನ್ಸೋಲ್‌ಗೆ ಗೇಮ್ ಮೋಡ್ ಹಾಕಿ. ಆಮೇಲೂ ಮಾತು ಮುಂದಿದ್ದರೆ ರಿಸೀವರ್‌ನ ಆಡಿಯೋ ಡಿಲೇಯನ್ನು 10 ಮಿಲಿಸೆಕೆಂಡ್‌ನಂತೆ ಏರಿಸುತ್ತಾ ಹೋಗಿ. ಮಾತಾಡುವವರ ಮುಖ ಹತ್ತಿರದಿಂದ ತೋರಿಸುವ ವಾರ್ತೆ ಹಾಕಿಕೊಂಡರೆ ಬೇಗ ಗೊತ್ತಾಗುತ್ತದೆ. ಮಾತು ಹಿಂದೆ ಬಿದ್ದಿದ್ದರೆ ಮಾತ್ರ ರಿಸೀವರ್‌ನಲ್ಲಿ ಮಾಡಲು ಏನೂ ಇಲ್ಲ, ಆಗ ಟಿವಿಯ ಆಡಿಯೋ ಡಿಲೇ ಸೊನ್ನೆಗೆ ತನ್ನಿ. ಹಲವು ರಿಸೀವರ್‌ಗಳು ಈ ಲೆಕ್ಕವನ್ನು ಪ್ರತಿ ಇನ್‌ಪುಟ್‌ಗೂ ಬೇರೆ ಬೇರೆ ನೆನಪಿಟ್ಟುಕೊಳ್ಳುತ್ತವೆ, ಹಾಗಾಗಿ ಟಿವಿ ಇನ್‌ಪುಟ್‌ನಲ್ಲಿದ್ದಾಗಲೇ ಬದಲಾಯಿಸಿ.