ಫಿಸಿಯಾಲಜಿ ಹಳಬರ ಗುಂಪು: ಸ್ಲೈಡ್ 7ರ ತಕರಾರು

ದೇರಳಕಟ್ಟೆ ಪಿಜಿ: [ಚಿತ್ರ] ಸೋಮವಾರದ ಸೆಮಿನಾರಿಗೆ. ಬೆನ್ನುಹುರಿಯ ಲ್ಯಾಮಿನಾ 2 (ನೋವಿನ ಸಂಕೇತ ಬಂದು ಸೇರುವ ಪದರ). ಎಡಗಡೆ ಸರಿಯಿರುವ ಇಲಿಯ ಕೋಶ, ಡಿಲೇಡ್ ಫೈರಿಂಗ್ (ಕರೆಂಟ್ ಕೊಟ್ಟ ಮೇಲೆ ತಡವಾಗಿ ಸಿಡಿಯುವುದು). ಬಲಗಡೆ ನರಕ್ಕೆ ಗಾಯವಾದ ಇಲಿಯದ್ದು, ಟೋನಿಕ್ (ಕೊಟ್ಟ ಕೂಡಲೇ ಶುರುವಾಗಿ ಸಿಡಿಯುತ್ತಲೇ ಇರುವುದು). "ಎ-ಟೈಪ್ ಪೊಟ್ಯಾಸಿಯಂ ಕರೆಂಟ್ ಹೋಗಿದೆ" ಅಂತ ತಲೆಬರಹ; ಆ ಕರೆಂಟೇ ಮೊದಲ ಸಿಡಿತವನ್ನು ತಡಮಾಡುವ ಬ್ರೇಕ್. ಸರಿ ಉಂಟಾ?

ಮಣಿಪಾಲ: ಇಲ್ಲ ಮಾರಾಯ. ಕೆಳಗಿನ ಸಣ್ಣ ಅಕ್ಷರ ನೋಡು. ಎಡಗಡೆ ಸ್ಟೆಪ್ (ಕೊಟ್ಟ ಕರೆಂಟ್) ಶುರುವಾದದ್ದು -75 ಮಿಲಿವೋಲ್ಟಿನಿಂದ, ಬಲಗಡೆ -52ರಿಂದ. -52ರಲ್ಲಿ ಆ ಕರೆಂಟ್ ಹರಿಸುವ ಚಾನೆಲ್‌ಗಳು ಹೆಚ್ಚಿನವು ಮೊದಲೇ ಇನ್ಆಕ್ಟಿವೇಟ್ ಆಗಿ (ಕರೆಂಟ್ ಹರಿಸಲಾಗದೆ) ಕೂತಿರ್ತವೆ. ಬ್ರೇಕ್ ಉಂಟು, ಹಿಡಿಯುವುದಿಲ್ಲ ಅಷ್ಟೆ.

ಕದ್ರಿ ಡಾಕ್ಟ್ರು: ಗಾಯದ ನಂತರ ಕೋಶ ನಿಜವಾಗಿಯೂ -52ಕ್ಕೆ ಏರಿದ್ದರೆ? ನೋವು ಪಡುವವರಿಗೆ ಎರಡೂ ಒಂದೇ. ಡಿಲೇಡ್ ಕೋಶಗಳು ಹೆಚ್ಚಿನವು ಎಕ್ಸೈಟೇಟರಿ (ಮುಂದಿನ ಕೋಶವನ್ನು ಪ್ರಚೋದಿಸುವವು), ಅವು ಬೇಗ ಸಿಡಿದರೆ ನೋವು ಮೇಲೆ ಹೋಗ್ತದೆ.

ಮಣಿಪಾಲ: ಒಂದೇ ಅಲ್ಲ ಸರ್. ಚಾನೆಲ್ಲೇ ಇಲ್ಲದಿದ್ದರೆ ಮದ್ದು ಬೇರೆ, ರೆಸ್ಟಿಂಗ್ ಪೊಟೆನ್ಷಿಯಲ್ (ಸುಮ್ಮನಿರುವಾಗಿನ ವೋಲ್ಟೇಜ್) ಏರಿದ್ದರೆ ಬೇರೆ. ಪರೀಕ್ಷೆ ಸುಲಭ: ವೋಲ್ಟೇಜ್ ಕ್ಲ್ಯಾಂಪಿನಲ್ಲಿ (ಕೋಶದ ವೋಲ್ಟೇಜ್ ನಾವೇ ಹಿಡಿದು ಕರೆಂಟ್ ಅಳೆಯುವುದು) -90ರಲ್ಲಿ ಅರ್ಧ ಸೆಕೆಂಡ್ ಹಿಡಿದು -30ಕ್ಕೆ ಏರಿಸಿ, ಮತ್ತೆ -40ರಲ್ಲಿ ಹಿಡಿದು ಅದೇ -30ಕ್ಕೆ. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಉಳಿಯುವುದೇ ಎ-ಕರೆಂಟ್. ಸೀರೀಸ್ ರೆಸಿಸ್ಟೆನ್ಸ್ (ಪಿಪೆಟ್ ತುದಿಯ ಅಡ್ಡಿ) ಕಾಂಪೆನ್ಸೇಟ್ ಮಾಡ್ಲೇಬೇಕು. 20 ಮೆಗಾಓಮಿಗೆ ಅರ್ಧ ನ್ಯಾನೋಆಂಪ್ ಹರಿದರೆ 10 ಮಿಲಿವೋಲ್ಟ್ ಸುಳ್ಳು.

ಸುರತ್ಕಲ್: ಆ -52 ನಂಬಬಹುದಾ ಅಂತ ಮೊದಲು ಕೇಳಿ. ಪೊಟ್ಯಾಸಿಯಂ ಗ್ಲುಕೋನೇಟ್ ದ್ರಾವಣಕ್ಕೆ ಜಂಕ್ಷನ್ ಪೊಟೆನ್ಷಿಯಲ್ಲೇ (ಪಿಪೆಟ್ ಒಳಗಿನ ದ್ರಾವಣ ಹೊರಗಿನ ಬಾತ್ ದ್ರಾವಣಕ್ಕೆ ತಾಗುವಲ್ಲಿ ಹುಟ್ಟುವ ವೋಲ್ಟೇಜ್) 10–15 ಮಿಲಿವೋಲ್ಟ್. ಎರಡೂ ಕಡೆ ಕಳೆದಿದ್ದೀಯಾ, ಒಂದೇ ಕಡೆಯಾ? ಪಿಪೆಟ್ ಒಳಗಿನ ಬೆಳ್ಳಿ ತಂತಿಯನ್ನೂ ನೋಡು. ಕಪ್ಪು-ಬೂದು ಸಿಲ್ವರ್ ಕ್ಲೋರೈಡ್ ಲೇಪ ಸವೆದು ಬೆಳ್ಳಿ ಹೊಳೆಯುತ್ತಿದ್ದರೆ ಆಫ್‌ಸೆಟ್ (ಅಳತೆಯ ಸೊನ್ನೆ) ಜಾರ್ತಾ ಇರ್ತದೆ. ಬ್ಲೀಚಿನಲ್ಲಿ ಮತ್ತೆ ಅದ್ದಿಡು. ರೆಕಾರ್ಡಿಂಗ್ ಮುಗಿಸಿ ಪಿಪೆಟ್ ಎತ್ತಿದ ಮೇಲೆ ಬಾತ್‌ನಲ್ಲಿ ಸೊನ್ನೆ ಬಾರದಿದ್ದರೆ, ಎಷ್ಟು ಜಾರಿದೆ ಅಂತ ಅಲ್ಲೇ ಬರೆದಿಡಬೇಕು.

ಕದ್ರಿ ಡಾಕ್ಟ್ರು: ಒಪ್ಪಿದೆ. ಸ್ಲೈಡ್ 9ರಲ್ಲಿ ಗಾಬಾ (ಸಾಮಾನ್ಯವಾಗಿ ಕೋಶವನ್ನು ತಡೆಯುವ ರಾಸಾಯನಿಕ) ಕೊಟ್ಟರೆ ಕೋಶ ಡಿಪೋಲರೈಸ್ ಆಗ್ತದೆ (ವೋಲ್ಟೇಜ್ ಏರ್ತದೆ), ಕೆಸಿಸಿ2 (ಕ್ಲೋರೈಡನ್ನು ಕೋಶದಿಂದ ಹೊರಹಾಕುವ ಪ್ರೋಟೀನ್) ಕಡಿಮೆಯಾದದ್ದಕ್ಕೆ ಪುರಾವೆ ಅಂತ ಉಂಟಲ್ಲ?

ಮಣಿಪಾಲ: ಲ್ಯಾಮಿನಾ 1ರಲ್ಲಿ 2003ರಲ್ಲೇ ತೋರಿಸಿದ ಸಂಗತಿ ಅದು, ಗಟ್ಟಿ ಉಂಟು. ಈ ಸ್ಲೈಡ್ ಮಾತ್ರ ಅದನ್ನು ತೋರಿಸುವುದಿಲ್ಲ. ಪಿಪೆಟ್‌ನಲ್ಲಿ ಕ್ಲೋರೈಡ್ 130 ಮಿಲಿಮೋಲಾರ್, ಹೊರಗೂ ಹೆಚ್ಚುಕಮ್ಮಿ ಅಷ್ಟೇ. ಹೋಲ್-ಸೆಲ್‌ನಲ್ಲಿ (ಪೊರೆ ಒಡೆದು ಪಿಪೆಟ್ ಕೋಶಕ್ಕೆ ತೆರೆದಾಗ) ಕೋಶದ ಒಳಗೆ ಅದೇ ತುಂಬಿ ರಿವರ್ಸಲ್ (ಗಾಬಾ ಕರೆಂಟ್ ದಿಕ್ಕು ಬದಲಿಸುವ ವೋಲ್ಟೇಜ್) ಸೊನ್ನೆಗೆ ಬರ್ತದೆ, ಗಾಯ ಆಗಲಿ ಬಿಡಲಿ. ಗ್ರಾಮಿಸಿಡಿನ್ ಪರ್ಫೊರೇಟೆಡ್ ಪ್ಯಾಚ್ (ಪೊರೆ ಒಡೆಯದೆ ಗ್ರಾಮಿಸಿಡಿನ್‌ನಿಂದ ಸಣ್ಣ ರಂಧ್ರ ಮಾಡುವ ವಿಧಾನ) ಬೇಕು. ಅದರ ರಂಧ್ರದಲ್ಲಿ ಕ್ಲೋರೈಡ್ ದಾಟುವುದಿಲ್ಲ, ಕೋಶದ್ದು ಕೋಶದಲ್ಲೇ ಉಳೀತದೆ.

ದೇರಳಕಟ್ಟೆ ಪಿಜಿ: ಜಂಕ್ಷನ್ ಎರಡೂ ಕಡೆ ಕಳೆದಿದ್ದೇನೆ. ಬಲಗಡೆಯ ಅದೇ ಕೋಶದ್ದು -80ರಿಂದ ಶುರುವಾದ ಸ್ವೀಪ್ (ಒಂದು ಸಲದ ರೆಕಾರ್ಡಿಂಗ್) ಸಿಕ್ಕಿತು. [ಚಿತ್ರ] ಮೊದಲ ಸ್ಪೈಕ್ (ಸಿಡಿತ) 180 ಮಿಲಿಸೆಕೆಂಡ್ ತಡ.

ಸುರತ್ಕಲ್: ಹಾಗಾದ್ರೆ ಕರೆಂಟ್ ಅಲ್ಲೇ ಉಂಟು. ತಲೆಬರಹ ಬದಲಿಸು, ಈ ಸ್ವೀಪನ್ನು ಪಕ್ಕದಲ್ಲೇ ಹಾಕು. ಸ್ಲೈಡ್ 9 ತೆಗಿ.