ಕರ್ನಲ್ ಅಪ್ಡೇಟ್ ಆದ್ಮೇಲೆ ವೈಫೈ ಮಾಯ: ಮತ್ತೆ ಡ್ರೈವರ್ ಹಾಕೋದಾ, ಕಾರ್ಡೇ ಬದಲಾಯ್ಸೋದಾ?

ಹೊಸಬ_ಲಿನಕ್ಸ್: ಲಿನಕ್ಸ್ ಕರ್ನಲ್ (ಸಿಸ್ಟಮ್‌ನ ತಿರುಳು) ಅಪ್ಡೇಟ್ ಆಗಿದ್ದೇ ತಡ ವೈಫೈ ಕಾಣೆ. ಮುಂಚೆ ಯಾರೋ ಹಾಕಿದ್ದ ಸೋರ್ಸ್ ತಗೊಂಡು ಡ್ರೈವರ್ ಬಿಲ್ಡ್ ಮಾಡಿದ್ದೆ, ಚೆನ್ನಾಗೇ ಓಡ್ತಿತ್ತು. ಮತ್ತೆ ಅದನ್ನೇ ಹಾಕ್ಲಾ?

ಟರ್ಮಿನಲ್_ತಾತ: ಚಿಪ್ ಯಾವ್ದು ಅಂತ ಹೇಳ್ದೆ ಏನ್ ಹೇಳೋದು ಗುರು. ಟರ್ಮಿನಲ್‌ನಲ್ಲಿ ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ (lspci -nnk) ಹೊಡಿ, ಯುಎಸ್‌ಬಿ ಡಾಂಗಲ್ ಆದ್ರೆ ಎಲ್‌ಎಸ್‌ಯುಎಸ್‌ಬಿ (lsusb). ಡಬ್ಬದ ಮೇಲಿನ ಹೆಸರು ನಂಬ್ಬೇಡ, ಒಂದೇ ಮಾಡೆಲ್‌ನ ವಿ1, ವಿ2 ಒಳಗೆ ಬೇರೆ ಬೇರೆ ಚಿಪ್ ಇರುತ್ತೆ. ಎಲ್‌ಎಸ್‌ಪಿಸಿಐಲಿ 'ಕರ್ನಲ್ ಡ್ರೈವರ್ ಇನ್ ಯೂಸ್' ಸಾಲೇ ಬರ್ಲಿಲ್ಲ ಅಂದ್ರೆ ಡ್ರೈವರ್ ಹತ್ತಿಲ್ಲ, ಬಂದೂ ವೈಫೈ ಇಲ್ಲ ಅಂದ್ರೆ ಡಿಮೆಸೇಜ್‌ನಲ್ಲಿ (dmesg, ಕರ್ನಲ್‌ನ ಲಾಗ್) ಫರ್ಮ್‌ವೇರ್ (ಚಿಪ್ ಒಳಗೆ ಓಡೋ ಕೋಡ್) ಎರರ್ ಇದ್ಯಾ ನೋಡು, ಆರ್‌ಎಫ್‌ಕಿಲ್‌ನಲ್ಲಿ (rfkill, ವೈಫೈ ಆನ್-ಆಫ್ ಸ್ವಿಚ್) ಬ್ಲಾಕ್ ಆಗಿದ್ಯಾ ಅದನ್ನೂ ನೋಡು. ನೆಟ್ ಬೇಕಾದ್ರೆ ಫೋನಿಂದ ಯುಎಸ್‌ಬಿ ಟೆದರಿಂಗ್.

ಕೋಡ್_ಕಾಗೆ: ಇಷ್ಟೆಲ್ಲಾ ಯಾಕೆ, ಡ್ರೈವರನ್ನ ಡಿಕೆಎಂಎಸ್ (DKMS) ಅನ್ನೋ ಟೂಲ್‌ಗೆ ಸೇರ್ಸಿದ್ರೆ ಪ್ರತಿ ಕರ್ನಲ್‌ಗೂ ತಾನೇ ಬಿಲ್ಡ್ ಆಗುತ್ತೆ

ಟರ್ಮಿನಲ್_ತಾತ: ಆಗುತ್ತೆ, ಆಗೋ ತನಕ. ಕರ್ನಲ್ ಒಳಗಿನ ಎಪಿಐ (ಡ್ರೈವರ್ ಕರೆಯೋ ಫಂಕ್ಷನ್‌ಗಳು) ಬದಲಾಗ್ತಾನೇ ಇರುತ್ತೆ, ಹೊರಗಿನ ಕೋಡನ್ನ ಯಾರೂ ತಿದ್ದದೇ ಇದ್ರೆ ಬಿಲ್ಡ್ ಫೇಲು. ಬ್ರಾಡ್‌ಕಾಮ್‌ನ ಡಬ್ಲ್ಯೂಎಲ್ ಡ್ರೈವರ್ 2015ಕ್ಕೆ ನಿಂತೋಯ್ತು, ಡಿಸ್ಟ್ರೋದವ್ರು (ಡೆಬಿಯನ್ ಥರ ಲಿನಕ್ಸ್ ಕಟ್ಟಿ ಕೊಡೋರು) ಪ್ಯಾಚ್ ಹಾಕ್ಕೊಂಡು ಎಳೀತಿದಾರೆ. ಸಾಲದ್ದಕ್ಕೆ ಸೆಕ್ಯೂರ್ ಬೂಟ್ (ಸಹಿ ಇರೋ ಕೋಡನ್ನ ಮಾತ್ರ ಓಡ್ಸೋ ರಕ್ಷಣೆ) ಆನ್ ಇದ್ರೆ ಸೈನ್ ಮಾಡದ ಮಾಡ್ಯೂಲ್, ಅಂದ್ರೆ ಬಿಲ್ಡ್ ಆದ ಡ್ರೈವರ್ ಫೈಲ್, ಲೋಡೇ ಆಗಲ್ಲ.

ಬೂಟ್_ಭಟ್ಟ: ಇಂಟೆಲ್ ಕಾರ್ಡ್ ಹಾಕಿ ಆರಾಮಾಗಿರಿ. ಅದರ ಡ್ರೈವರ್ ಐಡಬ್ಲ್ಯೂಎಲ್‌ವೈಫೈ ಕರ್ನಲ್‌ನಲ್ಲೇ ಇದೆ, ಫರ್ಮ್‌ವೇರ್ ಒಂದಿದ್ರೆ ಸಾಕು, 2023ರ ಡೆಬಿಯನ್ 12ರಿಂದ ಅದೂ ಇನ್‌ಸ್ಟಾಲರ್ ಜೊತೆಗೇ ಬರುತ್ತೆ.

ಸ್ಕ್ರೂಡ್ರೈವರ್: ಹೇಳೋದು ಸುಲಭ ಭಟ್ರೇ. ಎಷ್ಟೋ ಲ್ಯಾಪ್‌ಟಾಪಲ್ಲಿ ಕಾರ್ಡ್ ಬೋರ್ಡಿಗೇ ಬೆಸುಗೆ ಆಗಿರುತ್ತೆ, ಕೆಲವು ಹಳೇ ಬಯಾಸ್ ಬೇರೆ ಕಾರ್ಡ್ ಕಂಡ್ರೆ ಬೂಟೇ ಆಗಲ್ಲ. ಇಂಟೆಲ್‌ನ ಎಎಕ್ಸ್200 ಸಾದಾ ಪಿಸಿಐಇ ಕಾರ್ಡು, ಎಎಕ್ಸ್201 ಮಾತ್ರ ಹೊಂದೋ ಇಂಟೆಲ್ ಪ್ಲಾಟ್‌ಫಾರ್ಮ್ ಇಲ್ದೆ ಓಡಲ್ಲ, ನೋಡೋಕೆ ಎರಡೂ ಒಂದೇ ಥರ!

ಟರ್ಮಿನಲ್_ತಾತ: ರಿಯಲ್‌ಟೆಕ್ ಚಿಪ್ ಅಂದ್ರೂ ಈಗ ಹೆದರ್ಬೇಕಿಲ್ಲ. 2019ರ ಕರ್ನಲ್ 5.2ಕ್ಕೆ ಅದರ ಡ್ರೈವರ್ ಆರ್‌ಟಿಡಬ್ಲ್ಯೂ88 ಬಂತು, 5.16ಕ್ಕೆ ಆರ್‌ಟಿಡಬ್ಲ್ಯೂ89.

ಹೊಸಬ_ಲಿನಕ್ಸ್: ನೋಡ್ದೆ, ನನ್ನ ಚಿಪ್‌ಗೂ ಕರ್ನಲ್‌ನಲ್ಲೇ ಡ್ರೈವರ್ ಇದೆ. ಆದ್ರೆ ಹಳೇ ಡ್ರೈವರ್‌ನ ಸ್ಕ್ರಿಪ್ಟು ಮೋಡ್‌ಪ್ರೋಬ್ ಫೋಲ್ಡರಲ್ಲಿ ಅದನ್ನ ಲೋಡ್ ಆಗದ ಹಾಗೆ ಬ್ಲ್ಯಾಕ್‌ಲಿಸ್ಟ್ ಮಾಡಿ ಕೂತಿತ್ತು. ಆ ಫೈಲ್ ಅಳಿಸಿ ರೀಬೂಟ್ ಮಾಡ್ದೆ, ಬಂತು.

ಟರ್ಮಿನಲ್_ತಾತ: ಅದೇ ನೋಡು. ಹಳೇ ಮಾಡ್ಯೂಲೂ ಕಿತ್ತಾಕು, ಇಲ್ಲಾಂದ್ರೆ ಮುಂದಿನ ಅಪ್ಡೇಟ್‌ಗೆ ಎರಡೂ ಜಗಳ ಆಡ್ತವೆ.

ಕೋಡ್_ಕಾಗೆ: ಬಂತು ಸರಿ, ಸ್ಪೀಡ್ ಹೇಗಿದೆ ಹೇಳಿ. ಕೆಲವು ಚಿಪ್‌ಗಳಿಗೆ ಮಾನಿಟರ್ ಮೋಡ್ (ಸುತ್ತಲಿನ ವೈಫೈ ಪ್ಯಾಕೆಟ್ ಎಲ್ಲಾ ಹಿಡಿಯೋದು) ಬೇಕಂದ್ರೆ ಇವತ್ತಿಗೂ ಹೊರಗಿನ ಡ್ರೈವರೇ ಗತಿ, ನಾನಂತೂ ಡಿಕೆಎಂಎಸ್ ಬಿಡಲ್ಲ