ಪ್ಲಗ್ ವೈರ್: ಯಾವುದನ್ನು ಕೊಳ್ಳುವುದು, ಹೇಗೆ ಎಳೆಯುವುದು?

ಬೀದರ್‌ನಿಂದ ಬಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನದು 2001ರ ಹೋಂಡಾ ಸಿಟಿ 1.5 ವಿಟೆಕ್. ಹೆಡ್ ಕೆಲಸ ಮಾಡಿಸಿ, ಹೆಡರ್ (ಎಂಜಿನ್ನಿನ ಹೊಗೆ ಹೊರಹೋಗುವ ಕೊಳವೆಗಳು) ಹಾಕಿಸಿ, ಸೈಲೆನ್ಸರ್ ಬದಲಿಸಿ ಮೂರು ತಿಂಗಳಾಯಿತು. ಊರೊಳಗೆ ಗಾಡಿ ಯಾವ ತಕರಾರೂ ಇಲ್ಲದೆ ಓಡುತ್ತದೆ. ಹುಮನಾಬಾದ್ ರಸ್ತೆಗೆ ಬಿದ್ದು ಮೂರನೇ ಗೇರಿನಲ್ಲಿ ಪೂರ್ತಿ ಅದುಮಿದರೆ, ಆರ್‌ಪಿಎಂ ಮುಳ್ಳು 5000 ದಾಟುತ್ತಿದ್ದಂತೆ ಮಿಸ್ಸಿಂಗ್ ಶುರು, ಎಂಜಿನ್ ತಡವರಿಸುತ್ತದೆ. ಪ್ಲಗ್ ಹೊಸದು, ಪ್ಲಗ್‌ಗಳಿಗೆ ಸರದಿಯಂತೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್‌ನ ಕ್ಯಾಪ್ ಮತ್ತು ರೋಟರ್ ಹೊಸವು. ಅಲ್ಲಿಂದ ಪ್ಲಗ್‌ಗಳಿಗೆ ಕರೆಂಟ್ ಒಯ್ಯುವ ಪ್ಲಗ್ ವೈರ್ ಮಾತ್ರ ಹಳೆಯದು. 10 ಮಿ.ಮೀ. ದಪ್ಪದ ತಾಮ್ರದ ವೈರ್ ಹಾಕಿಸು ಎಂದು ಒಬ್ಬರು, ಕಂಪನಿಯದೇ ಸಾಕು ಎಂದು ಇನ್ನೊಬ್ಬರು. ಹೆಡರ್ ಬಂದಮೇಲೆ ಬಾನೆಟ್ ಒಳಗೆ ಒಲೆ ಹಚ್ಚಿಟ್ಟಂತೆ ಕಾವು. ವೈರ್ ಎಲ್ಲಿಂದ ಎಳೆಯಬೇಕೆಂಬುದೂ ತಿಳಿಯುತ್ತಿಲ್ಲ. ಕೈಯಾರೆ ಅನುಭವಿಸಿದವರು ದಯವಿಟ್ಟು ಹೇಳಿ.

ಕಲಬುರಗಿಯಿಂದ

ತಮ್ಮಾ, ನಿನ್ನ ಗಾಡಿಯಂಥದೇ ಗಾಡಿ ನನ್ನ ಬಳಿ ಹನ್ನೊಂದು ವರ್ಷದಿಂದ ಇದೆ. ನನ್ನ ಕಸುಬು ಪಂಪ್‌ಸೆಟ್ ಮೋಟರ್ ರಿವೈಂಡಿಂಗ್. ದಿನವಿಡೀ ತಂತಿ, ವಾರ್ನಿಷ್, ಇನ್ಸುಲೇಷನ್ ನಡುವೆ ಕೈಯಾಡಿಸುವವನನ್ನೂ ಈ ನಾಲ್ಕು ವೈರ್‌ಗಳು ಒಂದಿಡೀ ಬೇಸಿಗೆ ಕಾಡಿದವು. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ದಪ್ಪದ ಮಾತು ಮೊದಲು ಮುಗಿಸಿಬಿಡೋಣ. ಪೆಟ್ಟಿಗೆಯ ಮೇಲೆ 7, 8, 8.5, 10 ಮಿ.ಮೀ. ಎಂದು ಬರೆದಿರುವುದು ಹೊರಮೈಯ ಅಳತೆ, ಒಳಗಿನ ತಂತಿಯದಲ್ಲ. ಹೆಚ್ಚಿದ ದಪ್ಪವೆಲ್ಲ ಬಹುಮಟ್ಟಿಗೆ ಇನ್ಸುಲೇಷನ್. ಟರ್ಬೊ ಹಾಕಿದ, ಕಂಪ್ರೆಷನ್ ಏರಿಸಿದ ಎಂಜಿನ್‌ನಲ್ಲಿ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ, ಅಲ್ಲಿ ಒಳ್ಳೆಯ ಇನ್ಸುಲೇಷನ್‌ಗೆ ಬೆಲೆಯಿದೆ. ನಿನ್ನ ಎಂಜಿನ್‌ಗೆ 7 ಅಥವಾ 8 ಮಿ.ಮೀ. ಸಿಲಿಕೋನ್ ವೈರ್ ಧಾರಾಳವಾಯಿತು. 10 ಮಿ.ಮೀ. ತಂದರೆ ಕಂಪನಿಯ ಕ್ಲಿಪ್‌ಗಳಲ್ಲಿ ಅದು ಕೂಡುವುದಿಲ್ಲ. ಕ್ಲಿಪ್ ಕಿತ್ತೆಸೆಯಬೇಕಾಗುತ್ತದೆ. ನನ್ನ ಕಷ್ಟ ಶುರುವಾದದ್ದೇ ಆ ಕ್ಲಿಪ್ ಹೋದಾಗ.

ಒಳಗಿನ ತಂತಿಯಲ್ಲಿ ಮೂರು ಬಗೆ. ಮೊದಲನೆಯದು ಇಂಗಾಲ ತುಂಬಿದ ನಾರಿನ ತಿರುಳು. ಕಾರ್ಖಾನೆಯಿಂದ ಬರುವ ಬಹಳಷ್ಟು ಗಾಡಿಗಳಲ್ಲಿ ಇದೇ. ಒಂದು ಅಡಿಗೆ ಸಾವಿರಾರು ಓಮ್ ರೋಧ. ಅದು ದೋಷವಲ್ಲ, ರೇಡಿಯೊ ಗದ್ದಲ ತಡೆಯಲು ಬೇಕೆಂದೇ ಇಟ್ಟದ್ದು. ಬೂಟ್ (ತುದಿಯ ರಬ್ಬರ್ ಟೋಪಿ) ಹಿಡಿಯದೆ ವೈರ್ ಹಿಡಿದು ಜಗ್ಗಿದರೆ ಈ ತಿರುಳು ಒಳಗೊಳಗೇ ಕಡಿಯುತ್ತದೆ, ಹೊರಗೆ ಏನೂ ಕಾಣಿಸುವುದಿಲ್ಲ. ಎರಡನೆಯದು ಸುರುಳಿ ಸುತ್ತಿದ ತಂತಿ. ರೋಧ ಅಡಿಗೆ ಕೆಲವು ಹತ್ತರಿಂದ ಕೆಲವು ನೂರು ಓಮ್ ಅಷ್ಟೇ, ಗದ್ದಲವನ್ನು ಆ ಸುರುಳಿಯೇ ತಡೆಯುತ್ತದೆ. ಮೂರನೆಯದು ಬರಿಯ ತಾಮ್ರ. ಅದರಲ್ಲಿ ಗದ್ದಲಕ್ಕೆ ಯಾವ ತಡೆಯೂ ಇಲ್ಲ. ಕಾರ್ಬ್ಯುರೇಟರ್, ಪಾಯಿಂಟ್ ಇರುವ ಹಳೆಯ ಗಾಡಿಗೆ ಅದು ನಡೆದೀತು. ನಿನ್ನ ಎಂಜಿನ್‌ಗೆ ಬೇಡವೇ ಬೇಡ. ಆ ತಲೆಮಾರಿನ ಹೋಂಡಾ ಎಂಜಿನ್‌ಗಳಲ್ಲಿ ಶಾಫ್ಟ್‌ನ ಸ್ಥಾನ ತಿಳಿಸುವ ಸೆನ್ಸರ್‌ಗಳು ಡಿಸ್ಟ್ರಿಬ್ಯೂಟರ್ ಒಳಗೇ ಕುಳಿತಿರುತ್ತವೆ. ಅದರ ನೆತ್ತಿಯ ಮೇಲೆಯೇ ಗದ್ದಲದ ವೈರ್ ಸಿಕ್ಕಿಸಿದರೆ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಲೆಕ್ಕ ತಪ್ಪದೆ ಇನ್ನೇನಾದೀತು? ಕಂಪನಿಯ ಮಾದರಿಯ ಇಂಗಾಲದ್ದು ಅಥವಾ ಒಳ್ಳೆಯ ಸುರುಳಿಯದು, ಎರಡರಲ್ಲಿ ಒಂದನ್ನು ತೆಗೆದುಕೋ. ಕುದುರೆ ಶಕ್ತಿ ಹೆಚ್ಚುತ್ತದೆ ಎಂಬ ಆಸೆಯಿಂದ ಮಾತ್ರ ವೈರ್ ಕೊಳ್ಳಬೇಡ. ಸೋರಿಹೋಗುತ್ತಿದ್ದ ಕಿಡಿಯನ್ನು ವೈರ್ ಉಳಿಸಿಕೊಡುತ್ತದೆ, ಹೊಸದಾಗಿ ಹುಟ್ಟಿಸುವುದಿಲ್ಲ.

ಈಗ ನನ್ನ ಗಾಡಿಯ ಕಥೆ. ಹೆಡರ್ ಕೂರಿಸಿದ ಹುಡುಗ ಕೆಲಸದಲ್ಲಿ ಚುರುಕು. ಬಿಸಿಲಿಗೆ ಪುಡಿಪುಡಿಯಾಗಿದ್ದ ಪ್ಲಾಸ್ಟಿಕ್ ಕ್ಲಿಪ್‌ಗಳನ್ನು ಎಸೆದು, ನಾಲ್ಕೂ ವೈರ್ ಕೂಡಿಸಿ ನಾಲ್ಕು ಕಡೆ ಕೇಬಲ್ ಟೈ ಬಿಗಿದು, ಹೆಣೆದ ಜಡೆಯ ಹಾಗೆ ಚೆಂದ ಮಾಡಿ ಕೊಟ್ಟ. ನಾನೂ ಮೆಚ್ಚಿಕೊಂಡೆ. ಅದೇ ವಾರ ಜೇವರ್ಗಿ ರಸ್ತೆಯಲ್ಲಿ ಲಾರಿಯೊಂದನ್ನು ಹಿಂದೆ ಹಾಕಲು ಅದುಮಿದಾಗ ಎಂಜಿನ್ ಒಳಗಿನಿಂದ ‘ಟಕ್ ಟಕ್’ ಎಂದು ಸುತ್ತಿಗೆಯ ಸದ್ದು ಬಂತು, ಪಿಕಪ್ ಬಿತ್ತು. ಪೆಟ್ರೋಲ್ ಕಲಬೆರಕೆ ಎಂದುಕೊಂಡೆ, ಟೈಮಿಂಗ್ ಎಂದುಕೊಂಡೆ, ಪಂಪ್ ಎಂದುಕೊಂಡೆ. ಎರಡು ತಿಂಗಳು ಹೀಗೇ ಕಳೆಯಿತು.

ಕೊನೆಗೆ ಒಂದು ಅಮಾವಾಸ್ಯೆಯ ರಾತ್ರಿ ಅಂಗಳದ ದೀಪವೆಲ್ಲ ಆರಿಸಿ, ಬಾನೆಟ್ ಎತ್ತಿ, ಎಂಜಿನ್ ಚಾಲೂ ಇಟ್ಟು ನಿಂತೆ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಐದು ನಿಮಿಷ ಬೇಕಾಯಿತು. ಆಮೇಲೆ ಕಂಡಿತು: ಮೂರನೆಯ ಮತ್ತು ನಾಲ್ಕನೆಯ ವೈರ್ ಒಂದಕ್ಕೊಂದು ಅಂಟಿಕೊಂಡಿದ್ದ ಕಡೆ, ಟೈ ಬಿಗಿದ ಜಾಗದಲ್ಲಿ, ಕೂದಲೆಳೆಯಷ್ಟು ತೆಳುವಾದ ನೀಲಿ ಮಿಂಚು ನಡುಗುತ್ತಿತ್ತು. ಗಿಡಕ್ಕೆ ನೀರು ಚಿಮುಕಿಸುವ ಬಾಟಲಿಯಿಂದ ಮಂಜಿನಷ್ಟು ನೀರು ಬಿಟ್ಟೆ. ಮಿಂಚು ದಟ್ಟವಾಯಿತು, ಚಿಟಚಿಟ ಸದ್ದೂ ಕೇಳಿಸಿತು. ಇದನ್ನು ನೀನೂ ಮಾಡು, ಆದರೆ ಕೈ ಹಿಂದಕ್ಕೆ ಕಟ್ಟಿಕೊಂಡು. ಆ ವೈರ್‌ನಲ್ಲಿ ಓಡುವುದು 20,000 ವೋಲ್ಟ್‌ಗೂ ಮೀರಿದ್ದು.

ಕಾರಣ ಹೇಳುತ್ತೇನೆ. ನಮ್ಮ ಎಂಜಿನ್ ಕಿಡಿ ಹಚ್ಚುವ ಕ್ರಮ 1-3-4-2. ಪಕ್ಕಪಕ್ಕ ಅಂಟಿಕೊಂಡು ಓಡುವ ಎರಡು ವೈರ್‌ಗಳಲ್ಲಿ ಒಂದಕ್ಕೆ ಕರೆಂಟ್ ಬಂದಾಗ ಇನ್ನೊಂದರಲ್ಲೂ ವೋಲ್ಟೇಜ್ ಹುಟ್ಟುತ್ತದೆ. ಇನ್ಸುಲೇಷನ್ ಹೊಸದಿದ್ದರೂ ಹುಟ್ಟುತ್ತದೆ, ಏಕೆಂದರೆ ಅದು ಸೋರಿಕೆಯಲ್ಲ, ಪ್ರೇರಣೆ. ಮೂರಕ್ಕೆ ಕಿಡಿ ಬಿದ್ದ ಗಳಿಗೆಯಲ್ಲಿ ನಾಲ್ಕನೆಯ ಸಿಲಿಂಡರ್ ಕಂಪ್ರೆಷನ್ನಿನ ಶುರುವಿನಲ್ಲಿರುತ್ತದೆ: ಒಳಗೆ ಪೆಟ್ರೋಲ್-ಗಾಳಿ ತುಂಬಿದೆ, ಒತ್ತಡ ಇನ್ನೂ ಏರಿಲ್ಲ. ಒತ್ತಡ ಕಡಿಮೆಯಿದ್ದಾಗ ಸಣ್ಣ ವೋಲ್ಟೇಜ್‌ಗೂ ಕಿಡಿ ಹಾರುತ್ತದೆ. ಅರ್ಧ ಸುತ್ತು ಮೊದಲೇ ಉರಿ ಹತ್ತಿದರೆ, ಮೇಲೇರುವ ಪಿಸ್ಟನ್‌ಗೆ ಎದುರಿನಿಂದ ಗುದ್ದಿದ ಹಾಗೆ. ನನಗೆ ಕೇಳಿಸಿದ ಸುತ್ತಿಗೆ ಅದೇ. ಅಮೆರಿಕದ ಶೆವರ್ಲೆ ಸ್ಮಾಲ್ ಬ್ಲಾಕ್ ವಿ8 ಎಂಜಿನ್‌ನಲ್ಲಿ ಕ್ರಮ 1-8-4-3-6-5-7-2. ಅಲ್ಲಿ 5 ಮತ್ತು 7 ಒಂದೇ ಸಾಲಿನ ನೆರೆಹೊರೆ, ಒಂದರ ಹಿಂದೊಂದು ಹತ್ತುತ್ತವೆ. ಆ ಎರಡು ವೈರ್‌ಗಳನ್ನು ಬೇರೆ ಬೇರೆ ಎಳೆಯುವುದು ಅಲ್ಲಿನ ರೇಸ್ ಮೆಕ್ಯಾನಿಕ್‌ಗಳಿಗೆ ಮೊದಲ ಪಾಠ.

ನಮ್ಮ ನಾಲ್ಕು ಸಿಲಿಂಡರಿನಲ್ಲಿ ಜೊತೆಗಿರಬಹುದಾದ ಜೋಡಿ ಎರಡೇ: 1ರೊಡನೆ 4, 2ರೊಡನೆ 3. ಒಂದನೆಯದಕ್ಕೆ ಕಿಡಿ ಬೀಳುವಾಗ ನಾಲ್ಕನೆಯದು ಹೊಗೆ ಹೊರಹಾಕುವುದನ್ನು ಮುಗಿಸುತ್ತಿರುತ್ತದೆ. ಅಲ್ಲಿ ದಾರಿ ತಪ್ಪಿದ ಕಿಡಿ ಬಿದ್ದರೂ ಕೆಡುಕಿಲ್ಲ. ಡಿಸ್ಟ್ರಿಬ್ಯೂಟರ್ ಟೈಮಿಂಗ್ ಬೆಲ್ಟ್‌ನ ಎದುರು ತುದಿಯಲ್ಲಿದೆ, ಒಂದನೆಯ ಸಿಲಿಂಡರ್ ಬೆಲ್ಟ್ ಕಡೆ. ಹಾಗಾಗಿ 1ರ ವೈರ್ ಎಲ್ಲಕ್ಕಿಂತ ಉದ್ದ, ಅದು 2ರ ಜೊತೆ ಬಹುದೂರ ಸಾಗುತ್ತದೆ. ನಾನು ಟೈಗಳನ್ನೆಲ್ಲ ಕತ್ತರಿಸಿ 1 ಮತ್ತು 4ನ್ನು ಒಂದು ಕಡೆ, 2 ಮತ್ತು 3ನ್ನು ಇನ್ನೊಂದು ಕಡೆ ಹಾಯಿಸಿದೆ. ನಡುವೆ ಎರಡು ಬೆರಳು ಅಂತರ. ದಾಟಲೇಬೇಕಾದ ಕಡೆ ಕೂಡುರಸ್ತೆಯಂತೆ ಅಡ್ಡ ದಾಟಿಸಿದೆ, ಜೊತೆ ಜೊತೆ ಓಡಿಸಲಿಲ್ಲ. ಹಳ್ಳಗಳಿರುವ ಪ್ಲಾಸ್ಟಿಕ್ ಸೆಪರೇಟರ್ ಹೈದರಾಬಾದ್‌ನಿಂದ ತರಿಸಿ ಹಾಕಿದೆ. ಹಳೆಯ ವೈರ್‌ನಲ್ಲೇ ಸದ್ದು ನಿಂತಿತು. ಹೊಸ ವೈರ್ ಕೊಂಡದ್ದು ಆಮೇಲೆ.

ಕಾವಿನ ವಿಷಯ. ಸಿಲಿಕೋನ್ 200 ಡಿಗ್ರಿ ಸೆಲ್ಸಿಯಸ್‌ವರೆಗೆ ತಡೆಯುತ್ತದೆ. ಜೋರಾಗಿ ಓಡಿಸಿದಾಗ ಹೆಡರ್ ಕೊಳವೆ ಅದಕ್ಕೂ ಎಷ್ಟೋ ಹೆಚ್ಚು ಕಾಯುತ್ತದೆ. ಮೇ ತಿಂಗಳಲ್ಲಿ ನಮ್ಮ ಊರಿನ ಹೊರಗಿನ ಗಾಳಿಯೇ 43 ಡಿಗ್ರಿ. ಗಾಡಿ ಸಿಗ್ನಲ್‌ನಲ್ಲಿ ನಿಂತಾಗ ಬಾನೆಟ್ ಒಳಗಿನ ಬಿಸಿಗೆ ಹೊರಗೆ ಹೋಗಲು ದಾರಿಯೇ ಇರುವುದಿಲ್ಲ. ಹೆಡರ್‌ನಿಂದ ಕನಿಷ್ಠ ಎರಡು ಅಂಗುಲ ದೂರವಿಡು. ಅದಾಗದ ಕಡೆ ಗಾಜಿನ ನಾರಿನ ತೋಳು ತೊಡಿಸು. ಎಂಜಿನ್ ಅಲುಗಾಡುತ್ತದೆಂಬುದು ನೆನಪಿರಲಿ. ನಿಂತಾಗ ಇರುವ ಅಂತರ ಓಡುವಾಗ ಇರುವುದಿಲ್ಲ. ಅದಕ್ಕೆ ವೈರ್ ಸ್ವಲ್ಪ ಸಡಿಲವಿರಲಿ, ಆದರೆ ಜೋತುಬೀಳದಿರಲಿ.

ಯಾದಗಿರಿಯಿಂದ

ಅಣ್ಣನವರು ತಾಮ್ರದ ವೈರ್ ಬೇಡವೆಂದದ್ದು ನೂರಕ್ಕೆ ನೂರು ನಿಜ. ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ನನ್ನ ಎಸ್ಟೀಮ್ ಎಂಪಿಎಫ್‌ಐ (ಇಸಿಯು ಇರುವ) ಗಾಡಿಗೆ ಒಬ್ಬರ ಮಾತು ಕೇಳಿ ತಾಮ್ರದ ವೈರ್ ಹಾಕಿಸಿದ್ದೆ. ಶಹಾಪುರಕ್ಕೆ ಹೋಗುವಾಗ ಭೀಮಾ ಸೇತುವೆ ದಾಟುತ್ತಿದ್ದಂತೆ ಎಂಜಿನ್ ದೀಪ ಹತ್ತಿತು, ಒಂದೇ ವೇಗದಲ್ಲಿ ಓಡುತ್ತಿದ್ದ ಗಾಡಿ ಬಿಕ್ಕಳಿಸತೊಡಗಿತು. ಹಳೆಯ ವೈರ್ ಮರಳಿ ಹಾಕಿದ ದಿನವೇ ಸರಿಹೋಯಿತು. ನಮ್ಮ ತಂದೆಯ ಪದ್ಮಿನಿಯಲ್ಲೂ ತಾಮ್ರದ ವೈರ್ ಇತ್ತು. ಅದರಲ್ಲಿ ಕೆಡಲು ಸೆನ್ಸರ್ ಇರಲಿಲ್ಲ, ಆದರೆ ಕಲಬುರಗಿ ಆಕಾಶವಾಣಿ ಹಚ್ಚಿದರೆ ವಾರ್ತೆಯ ಹಿಂದೆ ಎಂಜಿನ್ನಿನ ಟರ್‌ರ್ ಸದ್ದು ಏರುತ್ತ ಇಳಿಯುತ್ತ ಕೇಳಿಸುತ್ತಿತ್ತು. ಗದ್ದಲ ಎಂದರೇನು ಎಂದು ವಿದ್ಯಾರ್ಥಿಗಳಿಗೆ ವಿವರಿಸುವಾಗ ಈಗಲೂ ಆ ರೇಡಿಯೊವನ್ನೇ ನೆನೆಯುತ್ತೇನೆ.

ಕೊಳ್ಳುವ ಮೊದಲು ಇರುವ ವೈರ್ ಅಳೆದು ನೋಡಿ. ಮಲ್ಟಿಮೀಟರನ್ನು ಕಿಲೋ-ಓಮ್‌ಗೆ ಇಟ್ಟು ಎರಡೂ ತುದಿ ಹಿಡಿಯಿರಿ. ಹೋಂಡಾ ಕೈಪಿಡಿಯಲ್ಲಿ ಒಂದು ವೈರ್‌ಗೆ 25 ಕಿಲೋ-ಓಮ್ ಮೇಲ್ಮಿತಿ. ಉದ್ದಕ್ಕೆ ತಕ್ಕಂತೆ ರೋಧ ಬೇರೆ ಬೇರೆ ಇರುವುದು ಸಹಜ; ಗಿಡ್ಡ ವೈರ್ ಉದ್ದದ್ದಕ್ಕಿಂತ ಹೆಚ್ಚು ತೋರಿಸಿದರೆ ಅನುಮಾನಿಸಿ. ಅಳೆಯುವಾಗ ವೈರನ್ನು ನಿಧಾನವಾಗಿ ಬಾಗಿಸಿ ಅಲುಗಿಸಿ, ಅಂಕಿ ಕುಣಿದರೆ ಒಳಗೆ ಕಡಿದಿದೆ ಎಂದೇ ಅರ್ಥ. ಪ್ಲಗ್ ಹೆಸರಿನಲ್ಲಿ ‘ಆರ್’ ಅಕ್ಷರ ಇದೆಯೇ ಎಂಬುದನ್ನೂ ನೋಡಿ. ಎನ್‌ಜಿಕೆ ಬಿಪಿಆರ್6ಇಎಸ್‌ನಲ್ಲಿ ಇರುವ ಹಾಗೆ, ಅದು ರೋಧಕ ಇರುವ ಪ್ಲಗ್ಗಿನ ಗುರುತು. ಸುರುಳಿ ವೈರ್ ಹಾಕಿಸಿದರೂ ಆ ಪ್ಲಗ್ ಬಿಡಬೇಡಿ.

ಸೇಡಂನಿಂದ

ಎರಡೇ ಮಾತು. ನಮ್ಮಲ್ಲಿ ಸಿಮೆಂಟ್ ದೂಳು. ವೈರ್, ಕ್ಯಾಪ್ ಮೇಲೆ ಕೂತ ದೂಳಿಗೆ ಮಳೆಗಾಲದ ತೇವ ತಗುಲಿದರೆ ಕರೆಂಟ್ ಮೇಲ್ಮೈ ಹಿಡಿದೇ ಹರಿಯುತ್ತದೆ, ಬೂಟ್ ಮೇಲೆ ಪೆನ್ಸಿಲ್ ಗೆರೆಯಂಥ ಕಪ್ಪು ಗೀರು ಬೀಳುತ್ತದೆ. ಗೀರು ಬಿದ್ದ ಬೂಟ್ ಮತ್ತೆ ಸುಧಾರಿಸುವುದಿಲ್ಲ. ತಿಂಗಳಿಗೊಮ್ಮೆ ಎಂಜಿನ್ ಆರಿಸಿ ಒಣಬಟ್ಟೆಯಿಂದ ಒರೆಸಿ. ಬೂಟ್ ಬಾಯಿಗೆ ಒಳಗಿನಿಂದ ತೆಳುವಾಗಿ ಸಿಲಿಕೋನ್ ಗ್ರೀಸ್ ಸವರಿ. ಮುಂದೆ ಬಿಚ್ಚುವಾಗ ಹರಿಯುವುದಿಲ್ಲ, ತೇವವೂ ಒಳಗೆ ಇಳಿಯುವುದಿಲ್ಲ. ಬಿಚ್ಚುವಾಗ ಬೂಟನ್ನು ಅರ್ಧ ಸುತ್ತು ತಿರುಗಿಸಿ ಸಡಿಲಿಸಿಕೊಂಡು ಎಳೆಯಿರಿ. ಕೂರಿಸುವಾಗ ‘ಟಿಕ್’ ಎಂದು ಬೆರಳಿಗೆ ತಿಳಿಯಬೇಕು.

ಪ್ಲಗ್ ಕೂರುವ ಬಾವಿಯೊಳಗೆ ಟಾರ್ಚ್ ಬಿಟ್ಟು ನೋಡುವುದನ್ನು ಮರೆಯಬೇಡಿ. ಇಪ್ಪತ್ತು ವರ್ಷ ದಾಟಿದ ಎಂಜಿನ್‌ನಲ್ಲಿ ವಾಲ್ವ್ ಕವರ್‌ನ ಸೀಲ್ ಗಟ್ಟಿಯಾಗಿ ಆಯಿಲ್ ಇಳಿಯುತ್ತದೆ. ಆಯಿಲ್‌ನಲ್ಲಿ ನೆಂದ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಸೀಲ್ ಬದಲಿಸದೆ ಹೊಸ ವೈರ್ ಹಾಕಿದರೆ ಅದೂ ಅದೇ ಹಾದಿ ಹಿಡಿಯುತ್ತದೆ.

ಮತ್ತೆ ಬೀದರ್‌ನಿಂದ, ಒಂಬತ್ತು ದಿನಗಳ ನಂತರ

ಅಣ್ಣ, ಅಕ್ಕ, ಸೇಡಂನ ಹಿರಿಯರೇ, ಹೇಳಿದ್ದನ್ನೆಲ್ಲ ಒಂದೊಂದಾಗಿ ಮಾಡಿದೆ. ನನ್ನ ಗಾಡಿಯಲ್ಲೂ ಕ್ಲಿಪ್ ಇರಲಿಲ್ಲ. ನಾಲ್ಕೂ ವೈರ್ ಒಂದೇ ಟೈನಲ್ಲಿದ್ದವು. ಟೈ ಕತ್ತರಿಸಿ ಬೇರ್ಪಡಿಸಿದಾಗ ಮಿಸ್ಸಿಂಗ್ ಅರ್ಧಕ್ಕೆ ಇಳಿಯಿತು, ಪೂರ್ತಿ ಹೋಗಲಿಲ್ಲ. ಅಳೆದಾಗ ಮೂರು ವೈರ್ ಸರಿಯಾಗಿದ್ದವು. ಎರಡನೆಯದು ನೇರವಾಗಿದ್ದಾಗ 14 ಕಿಲೋ-ಓಮ್ ತೋರಿಸಿ, ಬೂಟ್ ಬಳಿ ಬಾಗಿಸಿದೊಡನೆ ಏನೂ ತೋರಿಸದಾಯಿತು. ಹಿಂದೆ ಪ್ಲಗ್ ಬದಲಿಸುವಾಗ ಆ ವೈರ್ ಹಿಡಿದು ಜಗ್ಗಿದ್ದು ನಾನೇ. ಅದೇ ಬಾವಿಯಲ್ಲಿ ಬೆರಳ ಗೆಣ್ಣಿನಷ್ಟು ಆಯಿಲ್ ನಿಂತಿತ್ತು.

ಸೀಲ್ ಸೆಟ್ ಹಾಕಿಸಿ, ಕಂಪನಿ ಮಾದರಿಯ 7 ಮಿ.ಮೀ. ವೈರ್ ತಂದು, 1-4 ಮತ್ತು 2-3 ಎಂದು ಎರಡು ಜೋಡಿ ಮಾಡಿ ಎಳೆದಿದ್ದೇನೆ. ನಿನ್ನೆ ಬೆಳಿಗ್ಗೆ ಹುಮನಾಬಾದ್‌ವರೆಗೆ ಹೋಗಿ ಬಂದೆ. ಮೂರನೇ ಗೇರಿನಲ್ಲಿ 6500ರವರೆಗೆ ಒಂದೇ ಉಸಿರಿಗೆ ಏರಿತು. ಸಂಜೆ ಕತ್ತಲಲ್ಲಿ ಬಾನೆಟ್ ಎತ್ತಿ ನೀರು ಚಿಮುಕಿಸಿಯೂ ನೋಡಿದೆ, ಎಲ್ಲೂ ಬೆಳಕಿಲ್ಲ. ಗಾಜಿನ ನಾರಿನ ತೋಳು ಇನ್ನೂ ಸಿಕ್ಕಿಲ್ಲ. ಹೆಡರ್ ಹತ್ತಿರ ಬರುವುದು ನಾಲ್ಕನೆಯ ಬೂಟ್ ಒಂದೇ. ಮುಂದಿನ ವಾರ ಹೈದರಾಬಾದ್‌ಗೆ ಹೋದಾಗ ತರುತ್ತೇನೆ. ಅಲ್ಲಿಯವರೆಗೆ ಗಾಡಿಯನ್ನು ಜೋರಾಗಿ ಓಡಿಸುವುದಿಲ್ಲ.